ಸ್ಟಾಕೋ, ಸಮಸಮ ನೀರೋ?

ವಿಜಯಪುರ, 14 ಡಿಸೆಂಬರ್ 2024, ಶನಿವಾರ

ಇಬ್ರಾಹಿಂ ರೋಜಾದ ನೆಗೆಟಿವ್‌ಗಳು ಒಣಗಿವೆ. ಒಂದೇ ಮಧ್ಯಾಹ್ನ ತೆಗೆದ ಎರಡು ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್ ರೋಲ್. ಒಂದನ್ನು ಫಿಲ್ಮ್‌ನಲ್ಲಿ ಚಿತ್ರ ಮೂಡಿಸುವ ಐಡಿ-11 ಡೆವಲಪರ್‌ನ ಸ್ಟಾಕ್‌ನಲ್ಲೇ, ಅಂದರೆ ಮತ್ತೆ ನೀರು ಬೆರೆಸದ ದ್ರಾವಣದಲ್ಲೇ, ಏಳೂವರೆ ನಿಮಿಷ ತೊಳೆದೆ, ಇನ್ನೊಂದನ್ನು ಸಮಸಮ ನೀರು ಬೆರೆಸಿ 13 ನಿಮಿಷ. ಎರಡಕ್ಕೂ 20 ಡಿಗ್ರಿ. ಬೇಸಿಗೆಯಲ್ಲಾದರೆ ಈ ಊರಲ್ಲಿ ಐಸ್ ಇಲ್ಲದೆ ಅದು ಆಗದ ಮಾತು. ಈಗ ಹರವಿ ನೀರೇ ಸಾಲುತ್ತದೆ.

ಆ ಕಿಟಕಿಗಳ ಮೇಲೆ ಕಲ್ಲನ್ನೇ ಅಕ್ಷರವಾಗಿ ಕೊರೆದು, ನಡುವಿನ ಸಂದಿಯಿಂದ ಬೆಳಕು ಬರುವಂತೆ ಮಾಡಿದ್ದಾರಲ್ಲ, ಆ ಫ್ರೇಮ್‌ಗಳನ್ನು ಲೂಪ್ ಭೂತಗನ್ನಡಿ ಹಿಡಿದು ನೋಡಿದೆ. ಸ್ಟಾಕ್‌ನದರಲ್ಲಿ ನೆರಳು ಮೆತ್ತಗೆ, ನುಣುಪಾಗಿದೆ. ನೀರು ಬೆರೆಸಿದ್ದರಲ್ಲಿ ಗ್ರೇನ್, ಅಂದರೆ ಚಿತ್ರದ ಕಾಳು, ತುಸು ಎದ್ದು ಕಾಣುತ್ತದೆ, ಆದರೆ ಕಲ್ಲು ಮುಗಿದು ಬೆಳಕು ಶುರುವಾಗುವ ಗೆರೆ ಖಡಕ್ಕಾಗಿದೆ.

ಅಣ್ಣನ ಮಗ ಪಕ್ಕದಲ್ಲೇ ಇದ್ದ. "ಕಾಕಾ, ನೀರ ಹೆಚ್ಚ ಹಾಕಿದ್ರ ಗ್ರೇನ್ ಕಡಿಮಿ ಆಗಬೇಕಲ್ಲ?" ಎಂದ. ಬಹಳ ಮಂದಿಯ ಎಣಿಕೆ ಇದೇ, ಆಗುವುದು ಉಲ್ಟಾ. ಐಡಿ-11, ಅದರಂಥದೇ ಡೆವಲಪರ್ ಡಿ-76, ಎರಡರ ಸ್ಟಾಕ್‌ನಲ್ಲೂ ಲೀಟರಿಗೆ 100 ಗ್ರಾಂ ಸೋಡಿಯಂ ಸಲ್ಫೈಟ್ ಇರುತ್ತದೆ. ಅಷ್ಟು ಸಲ್ಫೈಟ್, ನೀರಲ್ಲಿಟ್ಟ ಕಲ್ಲುಸಕ್ಕರೆಯ ಮೂಲೆ ಸವೆದಂತೆ, ಬೆಳ್ಳಿ ಲವಣದ ಹರಳುಗಳ ಅಂಚನ್ನು ಕರಗಿಸುತ್ತದೆ. ಗ್ರೇನ್ ನುಣುಪಾಗುವುದು ಅದರಿಂದಲೇ, ಅಂಚಿನ ಹರಿತ ಹೋಗುವುದೂ ಅದರಿಂದಲೇ. ಸಮಸಮ ನೀರಿಗೆ ಸಲ್ಫೈಟ್ 50 ಗ್ರಾಂಗೆ ಇಳಿಯುತ್ತದೆ, ಕರಗಿಸುವ ಶಕ್ತಿ ತಗ್ಗುತ್ತದೆ. ಒಂದಕ್ಕೆ ಮೂರು ಪಾಲು ನೀರಾದರೆ 25 ಗ್ರಾಂ ಮಾತ್ರ, ಸಮಯ 20 ನಿಮಿಷ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಚಂದ ಕಾಣುತ್ತದೆ. ತೆಳು ಡೆವಲಪರ್ ಬೆಳಕು ಹೆಚ್ಚು ಬಿದ್ದ ಜಾಗದಲ್ಲಿ ಬೇಗ ದಣಿಯುತ್ತದೆ, ನೆರಳಿನ ಜಾಗದಲ್ಲಿ ತಾಜಾ ಉಳಿಯುತ್ತದೆ. ಇವೆರಡೂ ಕೂಡುವ ಗಡಿಯಲ್ಲಿ ಆಚೀಚೆ ಸೋರಿಕೊಂಡು ನೆಗೆಟಿವ್‌ನ ಕಪ್ಪನ್ನು (ಬೆಳಕು ಬಿದ್ದ ಜಾಗ) ಇನ್ನಷ್ಟು ಕಪ್ಪು, ತಿಳಿಯನ್ನು ಇನ್ನಷ್ಟು ತಿಳಿ ಮಾಡುತ್ತದೆ. ಕಣ್ಣು ಅದನ್ನೇ ಶಾರ್ಪ್ ಎನ್ನುತ್ತದೆ. ಟ್ಯಾಂಕನ್ನು ಬಿಡದೆ ಅಲ್ಲಾಡಿಸಿದರೆ ಈ ಗುಣ ಕಡಿಮೆಯಾಗುತ್ತದೆ. ನಿಮಿಷಕ್ಕೊಮ್ಮೆ ಮೆಲ್ಲಗೆ ತಿರುಗಿಸಿದರೆ ಸಾಕು.

ಬೆರೆಸಿದ್ದನ್ನು ಒಮ್ಮೆ ಬಳಸಿ ಚೆಲ್ಲಬೇಕು. ಅದಕ್ಕೆ ಕಂಜೂಸಿ ಮಾಡಬಾರದು.

ಕೆತ್ತನೆಗೆ ಇನ್ನು ಮೇಲೆ ಸಮಸಮವೇ. ಅಜ್ಜಿಯ ಮುಖ ತೆಗೆದ ರೋಲ್ ಇನ್ನೂ ತೊಳೆಯುವುದಿದೆ. ಆ ಸುಕ್ಕುಗಳಿಗೆ ಖಡಕ್ ಅಂಚು ನನಗೆ ಬೇಡ, ಅದನ್ನು ನಾಳೆ ಸ್ಟಾಕ್‌ನಲ್ಲೇ ತೊಳೆಯುತ್ತೇನೆ.