ಹಳೆಯ ಬಾಗಿಲಿನ ಹಲಗೆ, ಪೆಟ್ಟಿಗೆಯಿಲ್ಲದ ಸ್ಪೀಕರ್

ಸ್ಪೀಕರ್ ಅಂದರೆ ಪೆಟ್ಟಿಗೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ನನಗಂತೂ ಪೆಟ್ಟಿಗೆಯೇ ಬೇಡ. ಅಗಲವಾದ ಹಲಗೆ, ಅದರಲ್ಲೊಂದು ದುಂಡನೆಯ ರಂಧ್ರ, ಅಲ್ಲಿ ಕೂಡಿಸಿದ ಸ್ಪೀಕರ್, ಬೆನ್ನ ಹಿಂದೆ ಪೂರಾ ಬಯಲು. ಇದಕ್ಕೆ ಓಪನ್ ಬ್ಯಾಫಲ್ ಎನ್ನುತ್ತಾರೆ. ಬೆನ್ನಿಗೆ ತೂತುತೂತಿನ ರಟ್ಟು ಹೊದ್ದ ವಾಲ್ವ್ ರೇಡಿಯೊದಲ್ಲಿ ಧಾರವಾಡ ಆಕಾಶವಾಣಿ ಕೇಳಿ ಬೆಳೆದವರಿಗೆ ಈ ದನಿಯ ಜಾತಿ ಪರಿಚಿತ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟಾಗ ಅಪ್ಪ ತೊಲೆ, ಬಾಗಿಲುಗಳನ್ನೆಲ್ಲ ಬಿಚ್ಚಿಸಿ ಟ್ರ್ಯಾಕ್ಟರ್‌ನಲ್ಲಿ ನವನಗರಕ್ಕೆ ತಂದಿದ್ದರು. ಹೊಸ ಮನೆಗೆ ಬಳಸಿ ಉಳಿದ ಸಾಗವಾನಿ ಹಲಗೆಗಳು ಅಟ್ಟದಲ್ಲಿದ್ದವು. ಒಂದೂವರೆ ಇಂಚು ದಪ್ಪ, ತಟ್ಟಿದರೆ ಗಟ್ಟಿ ಸದ್ದು. ಸ್ಪೀಕರ್‌ಗೆ ಇದಕ್ಕಿಂತ ಒಳ್ಳೆಯ ಮರವನ್ನು ನಾನು ಎಲ್ಲಿ ಹುಡುಕಲಿ?

ನಮ್ಮ ಬಡಿಗೇರ ಕಾಕಾ ಮೊಳೆಗಳನ್ನು ಕಿತ್ತು, ಹಲಗೆ ಕೂಡಿಸುವ ಅಂಚುಗಳನ್ನು ತಿನ್ನರ್ ಬಟ್ಟೆಯಿಂದ ಒರೆಸಿದರು. ಸಾಗವಾನಿಯಲ್ಲಿ ಎಣ್ಣೆಯಂಶ ಹೆಚ್ಚು, ಒರೆಸದಿದ್ದರೆ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ. ಹದಿನೆಂಟು ಇಂಚು ಅಗಲ ಬಂತು. ಎಂಟು ಇಂಚಿನ ಸ್ಪೀಕರ್‌ಗೆ ನಟ್ಟನಡುವೆ ಗುರುತು ಹಾಕಲು ಹೊರಟವರನ್ನು ತಡೆದು, ಒಂದು ಬದಿಗೆ ಸರಿಸಿ ಹಾಕಿಸಿದೆ. ನಾಲ್ಕೂ ಅಂಚುಗಳು ಒಂದೇ ದೂರದಲ್ಲಿದ್ದರೆ ಅಂಚು ಸುತ್ತಿ ಬರುವ ದನಿಯ ಏರುಪೇರೆಲ್ಲ ಒಂದೇ ಸ್ವರದ ಮೇಲೆ ಬೀಳುತ್ತದೆ. ಆಮೇಲೆ ರಂಧ್ರದ ಹಿಂಬದಿಯ ಅಂಚನ್ನು ಅವರು ಉಳಿಯಿಂದ ಓರೆಯಾಗಿ ಕೆತ್ತಿದರು. ಇಷ್ಟು ದಪ್ಪ ಹಲಗೆಯಲ್ಲಿ ರಂಧ್ರ ನೇರವಾಗಿದ್ದರೆ ಅದೊಂದು ಸುರಂಗವಾಗಿ ಹಿಂದಿನ ದನಿ ಉಸಿರುಗಟ್ಟುತ್ತದೆ. ಸುರುಳಿಸುರುಳಿಯಾಗಿ ಸಿಬರು ಉದುರಿದಂತೆ ಹಳೆಯ ಮರದೊಳಗಿನ ಹೊಂಬಣ್ಣ ಹೊರಬಂತು. ಅದರ ಮೇಲೆ ಬಣ್ಣ ಬಳಿಯಲು ಮನಸ್ಸಾಗದೆ ಅಗಸೆ ಎಣ್ಣೆ ಒರೆಸಿ ಬಿಟ್ಟೆ.

“ಯವ್ವಾ, ಬೆನ್ನು ಮುಚ್ಚದಿದ್ದರೆ ದನಿ ಹೇಗೆ ನಿಲ್ಲುತ್ತದೆ?” ಎಂದು ಕಾಕಾ ಕೇಳಿದರು. ಸರಿಯಾದ ಪ್ರಶ್ನೆಯೇ. ಸ್ಪೀಕರಿನಲ್ಲಿ ಅದುರುವ ಶಂಕು (ಕೋನ್) ಮುಂದಕ್ಕೆ ಗಾಳಿ ನೂಕಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. 100 ಹರ್ಟ್ಸ್ ದನಿಯ ಅಲೆ ಸುಮಾರು 3.4 ಮೀಟರ್ ಉದ್ದ. ಅಂಥದ್ದಕ್ಕೆ ಹದಿನೆಂಟು ಇಂಚಿನ ಹಲಗೆ ಅಡ್ಡಿಯೇ ಅಲ್ಲ, ಹಿಂದಿನದು ಸುತ್ತಿ ಬಂದು ಮುಂದಿನದನ್ನು ಅಳಿಸುತ್ತದೆ. ಹಾಗಾಗಿ ಮಂದ್ರ ಸೊರಗುತ್ತದೆ. ಶಂಕುವಿನ ಅದುರಾಟಕ್ಕೆ ಕಡಿವಾಣ ಎಷ್ಟು ಸಡಿಲ ಎಂದು ಹೇಳುವ ಅಳತೆಗೆ ಕ್ಯೂಟಿಎಸ್ ಎನ್ನುತ್ತಾರೆ; ಅದು 0.7ರ ಆಸುಪಾಸಿನಲ್ಲಿರುವ ಸ್ಪೀಕರ್ ಆರಿಸಿದರೆ ಈ ನಷ್ಟ ಕೊಂಚ ತುಂಬುತ್ತದೆ.

ಉಳಿದದ್ದೆಲ್ಲ ಲಾಭ. ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಗೋಡೆಗಳನ್ನು ನಡುಗಿಸಿ, ಶಂಕುವಿನ ಮೂಲಕವೇ ಮತ್ತೆ ಹೊರಬರುವ ದನಿ ಇಲ್ಲಿ ಇಲ್ಲ. ನಮ್ಮ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ಇದರಲ್ಲಿ ಕೇಳಬೇಕು. ತಾನಪೂರದ ತಂತಿ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ, ಅವರು ತುಂಡು ತುಂಡಾಗಿ ಎಸೆಯುವ ಸ್ವರ ಹಲಗೆಗೆ ಅಂಟಿಕೊಳ್ಳದೆ ಕೋಣೆಯ ನಡುವೆ ನಿಲ್ಲುತ್ತದೆ. ಇಂಥ ಗಾಯನ ಕೇಳುವವರು ತೀರ ಕೆಳಗಿನ ಗುಡುಗಿಗಾಗಿ ಪೆಟ್ಟಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ನೀವೂ ಮಾಡುವುದಾದರೆ ಹಲಗೆಯನ್ನು ಹಿಂದಿನ ಗೋಡೆಯಿಂದ ಮೂರು ನಾಲ್ಕು ಅಡಿ ಮುಂದಕ್ಕೆ ತನ್ನಿ. ಪಕ್ಕದ ಗೋಡೆಯ ಚಿಂತೆ ಕಡಿಮೆ, ಏಕೆಂದರೆ ಈ ಸ್ಪೀಕರ್ ಬದಿಗಳಿಗೆ ಬಹಳ ಕಡಿಮೆ ದನಿ ಚೆಲ್ಲುತ್ತದೆ. ತಬಲಾದ ಡಗ್ಗಾ ತೆಳುವೆನಿಸಿದರೆ ಆಂಪ್ಲಿಫೈಯರಿನ ಬಾಸ್ ತುಸು ಏರಿಸಿ, ಆದರೆ ಶಂಕುವಿನ ಓಡಾಟದ ಮೇಲೆ ಕಣ್ಣಿಡಿ.