ಯಂತ್ರ ಬಂದ ಮರುದಿನ

ಚಿತ್ರದುರ್ಗ, 23 ಜೂನ್ 2025, ಸೋಮವಾರ

ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನಕ್ಕೆಂದು ಇಸ್ರೋ ರೂಪಿಸಿದ ರೆಕ್ಕೆಯುಳ್ಳ ಪ್ರಾಯೋಗಿಕ ವಾಹನ 'ಪುಷ್ಪಕ್' ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿ ಮೂರನೆಯ ಬಾರಿ ನೆಲಕ್ಕಿಳಿದು ಇಂದಿಗೆ ಸರಿಯಾಗಿ ಒಂದು ವರ್ಷವಾಯಿತು. ಮೊದಲನೆಯ ಪರೀಕ್ಷೆ 2023ರ ಏಪ್ರಿಲ್ 2ರಂದು, ಎರಡನೆಯದು 2024ರ ಮಾರ್ಚ್ 22ರಂದು ಅಲ್ಲಿಯೇ ನಡೆದಿದ್ದವು. ಮೂರನೆಯ ಪರೀಕ್ಷೆಯಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಈ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು, ರನ್‌ವೇಯಿಂದ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ, ಅದೂ ಬೇಕೆಂದೇ ರನ್‌ವೇಯ ನೇರಕ್ಕೆ 500 ಮೀಟರ್ ಪಕ್ಕಕ್ಕೆ ಸರಿದು ಕೈಬಿಟ್ಟಿತು. ವಾಹನದೊಳಗೆ ಚಾಲಕನಿರಲಿಲ್ಲ, ಓಡಿಸುವ ಎಂಜಿನ್ ಇಲ್ಲದೆ ತೇಲಿಕೊಂಡೇ ಇಳಿಯಬೇಕಾದ್ದರಿಂದ, ಲೆಕ್ಕ ತಪ್ಪಿದರೆ ಮತ್ತೊಮ್ಮೆ ಮೇಲೇರಿ ಸುತ್ತು ಹಾಕಿ ಬರುವ ಅವಕಾಶವೂ ಇರಲಿಲ್ಲ. ಅದು ತಾನೇ ದಿಕ್ಕು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರನ್‌ವೇಯ ನಡುಗೆರೆಯ ಮೇಲೆ ಇಳಿಯಿತು. ಪ್ರಯಾಣಿಕರ ವಿಮಾನಗಳು ಇಳಿಯುವ ವೇಗ ಸುಮಾರು 260 ಕಿಲೋಮೀಟರ್. ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡು ಆ ವೇಗವನ್ನು 100 ಕಿಲೋಮೀಟರಿನ ಆಸುಪಾಸಿಗೆ ತಂದ ಮೇಲೆ ಚಕ್ರದ ಬ್ರೇಕುಗಳು ಉಳಿದ ಕೆಲಸ ಮಾಡಿದವು.

ಈ ಪರೀಕ್ಷೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ವೇಗವಲ್ಲ, ತಾನು ಎಲ್ಲಿದ್ದೇನೆ ಎಂಬುದನ್ನು ಆ ವಾಹನ ತಿಳಿದುಕೊಂಡ ಬಗೆ. ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇರುವುದರಿಂದ ಅವುಗಳ ಸಂಕೇತದಿಂದ ಎತ್ತರವನ್ನು ಅಳೆಯುವಾಗ ಉಳಿಯುವ ತಪ್ಪು ನೆಲದ ಮೇಲಿನ ಸ್ಥಾನದ ತಪ್ಪಿಗಿಂತ ದೊಡ್ಡದಾಗಿರುತ್ತದೆ. ಅದಕ್ಕಾಗಿ ಉಪಗ್ರಹದಂತೆಯೇ ಸಂಕೇತ ಬಿತ್ತರಿಸುವ ಸಾಧನಗಳನ್ನು ನೆಲದ ಮೇಲೆ ನಿಲ್ಲಿಸಿ, ಅವುಗಳ ಮಾಹಿತಿಯನ್ನು ಜಿಪಿಎಸ್ ರೀತಿಯಲ್ಲಿ ಸ್ಥಾನ ತಿಳಿಸುವ ಭಾರತದ ನಾವಿಕ್ ಉಪಗ್ರಹಗಳು, ರೇಡಾರ್ ಎತ್ತರಮಾಪಕ, ಗಾಳಿಯ ಒತ್ತಡ ಅಳೆಯುವ ಸಂವೇದಕಗಳು ಮತ್ತು ಚಲನೆಯ ಬದಲಾವಣೆ ಅಳೆಯುವ ಜಡತ್ವ ಮಾಪಕಗಳ ಮಾಹಿತಿಯೊಂದಿಗೆ ಬೆರೆಸಿ ವಾಹನದ ಕಂಪ್ಯೂಟರ್ ತೀರ್ಮಾನಕ್ಕೆ ಬರುತ್ತದೆ. ಒಂದೊಂದು ಸಾಧನವೂ ಸ್ವಲ್ಪ ತಪ್ಪು ಹೇಳುತ್ತದೆ ಎಂದು ಒಪ್ಪಿಕೊಂಡು, ಎಲ್ಲವನ್ನೂ ತೂಗಿ ನೋಡಿ ಸತ್ಯಕ್ಕೆ ಹತ್ತಿರವಾಗುವ ಈ ಕ್ರಮ ನನಗೆ ಬಹಳ ಸುಂದರವಾಗಿ ಕಾಣುತ್ತದೆ.

ನಾನು ನೋಡಿದ ಹೆಚ್ಚಿನ ವೈಜ್ಞಾನಿಕ ಚಲನಚಿತ್ರಗಳಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲ. ಅಲ್ಲಿನ ನೌಕೆಗಳು ಗಾಳಿಯೇ ಇಲ್ಲದ ಕಡೆ ರೆಕ್ಕೆ ವಾಲಿಸಿ ತಿರುಗುತ್ತವೆ, ನಿರ್ವಾತದಲ್ಲಿ ಸದ್ದು ಮಾಡುತ್ತಾ ಸಿಡಿಯುತ್ತವೆ, ಬೇರೆ ಗ್ರಹದಲ್ಲಿರುವವರು ಭೂಮಿಯಲ್ಲಿರುವವರೊಂದಿಗೆ ಪಕ್ಕದ ಕೋಣೆಯಲ್ಲಿದ್ದಂತೆ ಮಾತನಾಡುತ್ತಾರೆ. ನಿಖರತೆಯ ಹಟಕ್ಕಾಗಿ ನಾನು ಈ ಆಕ್ಷೇಪ ಎತ್ತುತ್ತಿಲ್ಲ. ಭೌತಶಾಸ್ತ್ರವನ್ನು ಬದಿಗಿಟ್ಟಾಗ ಕಥೆಯೂ ಕೈತಪ್ಪುತ್ತದೆ ಎಂಬುದು ನನ್ನ ದೂರು. ಮಂಗಳ ಗ್ರಹಕ್ಕೆ ರೇಡಿಯೋ ಸಂಕೇತ ತಲುಪಲು ಅದು ಸಮೀಪದಲ್ಲಿರುವಾಗ ಸುಮಾರು 3 ನಿಮಿಷ, ದೂರದಲ್ಲಿರುವಾಗ ಸುಮಾರು 22 ನಿಮಿಷ ಬೇಕು. ಹೊಸದುರ್ಗದಲ್ಲಿರುವ ತಾಯಿಯೊಬ್ಬಳು ಮಂಗಳದಲ್ಲಿರುವ ಮಗಳಿಗೆ "ಊಟ ಆಯ್ತೇನವ್ವ?" ಎಂದು ಕೇಳಿದರೆ, "ಆಯ್ತವ್ವ" ಎಂಬ ಉತ್ತರ ಬರುವುದಕ್ಕೆ ಮುಕ್ಕಾಲು ಗಂಟೆಯವರೆಗೂ ಕಾಯಬೇಕಾಗಬಹುದು. ಆ ಹೊತ್ತಿನಲ್ಲಿ ತಾಯಿ ಏನು ಮಾಡುತ್ತಾಳೆ, ಇಂಥ ಮಾತುಕತೆಗೆ ವರ್ಷಗಟ್ಟಲೆ ಒಗ್ಗಿಹೋದ ಇಬ್ಬರು ಮತ್ತೆ ಎದುರುಬದುರು ಕುಳಿತಾಗ ಹೇಗೆ ಮಾತನಾಡುತ್ತಾರೆ ಎಂಬುದನ್ನು ಬರೆದರೆ ಅದೇ ಒಂದು ಕಾದಂಬರಿಯಾಗುತ್ತದೆ, ಮತ್ತು ಬೆಳಕಿನ ವೇಗ ಎಂಬ ಕಠಿಣ ಸತ್ಯವೇ ಅದನ್ನು ಕಟ್ಟಿಕೊಡುತ್ತದೆ.

ವೈಜ್ಞಾನಿಕ ಕಥೆಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಅವುಗಳ ಭವಿಷ್ಯವಾಣಿಯನ್ನು ಹೊಗಳುತ್ತಾರೆ. ಆರ್ಥರ್ ಸಿ. ಕ್ಲಾರ್ಕ್ 1945ರ ಲೇಖನವೊಂದರಲ್ಲಿ, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಮೂರು ಕೇಂದ್ರಗಳನ್ನಿಟ್ಟರೆ ಇಡೀ ಜಗತ್ತಿಗೆ ಪ್ರಸಾರ ಸಾಧ್ಯ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಅವರ ಕಲ್ಪನೆಯಲ್ಲಿ ಅವು ಮನುಷ್ಯರು ವಾಸಿಸುವ ನಿಲ್ದಾಣಗಳಾಗಿದ್ದವು. ಬಂದದ್ದು ಮನುಷ್ಯರಿಲ್ಲದ ಉಪಗ್ರಹಗಳು. ಮೂವತ್ತು ವರ್ಷಗಳ ನಂತರ, 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಕಕ್ಷೆಯ ಎತ್ತರವನ್ನು ಮೊದಲೇ ಹೇಳಿದ್ದು ದೊಡ್ಡ ಸಾಧನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಊರಿಗೆಲ್ಲ ಒಂದೇ ಟಿವಿ ಪೆಟ್ಟಿಗೆ ಬಂದ ಸಂಜೆ ಯಾರು ಮುಂದೆ ಕುಳಿತರು, ಯಾರು ಹೊರಗೆ ನಿಂತು ನೋಡಬೇಕಾಯಿತು, ಪೆಟ್ಟಿಗೆ ಕೆಟ್ಟಾಗ ಯಾರು ದುಡ್ಡು ಕೂಡಿಸಿದರು ಎಂಬುದು ಲೆಕ್ಕಕ್ಕೆ ಸಿಕ್ಕುವ ವಿಷಯವಲ್ಲ, ಕಥೆಗೆ ಸಿಕ್ಕುವ ವಿಷಯ. ಯಂತ್ರ ಬರುತ್ತದೆ ಎಂದು ಹೇಳುವ ಕೆಲಸವನ್ನು ಎಂಜಿನಿಯರುಗಳಿಗೆ ಬಿಡಬಹುದು. ಅದು ಬಂದ ಮರುದಿನ ಓಣಿಯಲ್ಲಿ ಏನಾಗುತ್ತದೆ ಎಂಬುದನ್ನು ಕಥೆಗಾರರಲ್ಲದೆ ಬೇರೆ ಯಾರೂ ಹೇಳಲಾರರು.

ಆ ಮರುದಿನ ನಮ್ಮ ಜಿಲ್ಲೆಯಲ್ಲಿ ಈಗಾಗಲೇ ನಡೆಯುತ್ತಿದೆ. ಪುಷ್ಪಕ್ ಇಳಿದ ರನ್‌ವೇ ಇರುವುದು 2017ರಲ್ಲಿ ಉದ್ಘಾಟನೆಯಾದ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯದಲ್ಲಿ. ಅದರ ವಿಸ್ತಾರ 4,000 ಎಕರೆಗೂ ಹೆಚ್ಚು, ಮತ್ತು ಆ ನೆಲ ಅಮೃತ್ ಮಹಲ್ ತಳಿಯ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಕಾಯ್ದಿರಿಸಿದ್ದ ಕಾವಲುಗಳ ಸಾಲಿಗೆ ಸೇರಿದ್ದು. ಕುರಿ ಮೇಯಿಸುವವರು, ಆ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುವವರು, ಕೃಷ್ಣಮೃಗಗಳು, ಎಲ್ಲರೂ ಆ ಹುಲ್ಲುಗಾವಲನ್ನೇ ನೆಚ್ಚಿಕೊಂಡಿದ್ದರು. ಆ ನೆಲವನ್ನು ಇಂಥ ಯೋಜನೆಗಳಿಗೆ ಕೊಟ್ಟ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪುಷ್ಪಕ್‌ನ ಬಗ್ಗೆ ನನಗಿರುವ ಹೆಮ್ಮೆ ಎಳ್ಳಷ್ಟೂ ಕಡಿಮೆಯಾಗದೆಯೇ, ಬೇಲಿಯ ಈಚೆ ನಿಂತ ಕುರಿಗಾಹಿಯ ಪ್ರಶ್ನೆಯೂ ವಿಜ್ಞಾನದ ಕಥೆಯೊಳಗಿನ ಪ್ರಶ್ನೆಯೇ ಎಂದು ನಾನು ನಂಬುತ್ತೇನೆ. ಆತನನ್ನು ಹೊರಗಿಟ್ಟು ಬರೆದ ಭವಿಷ್ಯದ ಕಥೆ ಅರ್ಧ ಕಥೆ.

ಇದಕ್ಕಿಂತ ಚಿಕ್ಕದಾದ, ಆದರೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಯಂತ್ರವೊಂದಿದೆ. ಹಿರಿಯೂರು ಕಡೆಯಲ್ಲಿ ದಾಳಿಂಬೆ ತೋಟ ಮಾಡಿರುವ ನಮ್ಮ ಚಿಕ್ಕಪ್ಪ ಬೋರ್‌ವೆಲ್ಲಿನ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಅದರೊಳಗೆ ಒಂದು ಸಿಮ್ ಇರುತ್ತದೆ. ತ್ರೀಫೇಸ್ ಕರೆಂಟು ಬಂದೊಡನೆ ಅದು ಫೋನಿಗೆ ತಿಳಿಸುತ್ತದೆ, ಮನೆಯಿಂದಲೇ ಮೋಟಾರು ಚಾಲೂ ಮಾಡಬಹುದು, ಆಟೋದಲ್ಲಿಟ್ಟರೆ ಅದೂ ಬೇಕಿಲ್ಲ, ತಾನೇ ಚಾಲೂ ಆಗುತ್ತದೆ. ಕತ್ತಲಲ್ಲಿ ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುತ್ತಿದ್ದ ಅವರಿಗೆ ಈ ಪುಟ್ಟ ಪೆಟ್ಟಿಗೆ ಕೊಟ್ಟ ನೆಮ್ಮದಿಯನ್ನು ಕಂಡ ನಾನು, ನನ್ನ ಮೆಚ್ಚಿನ ಯಂತ್ರಗಳ ಸಾಲಿನಲ್ಲಿ ಇದನ್ನು ದುಬಾರಿ ಫೋನುಗಳಿಗಿಂತ ಮೇಲೆ ಇಟ್ಟಿದ್ದೇನೆ.

ಆದರೆ ಒಂದೇ ಟಿಸಿಗೆ, ಅಂದರೆ ಕರೆಂಟು ಹಂಚುವ ಟ್ರಾನ್ಸ್ಫಾರ್ಮರಿಗೆ, ಸೇರಿದ ಎಲ್ಲ ಪಂಪ್‌ಸೆಟ್ಟುಗಳೂ ಆಟೋದಲ್ಲಿದ್ದರೆ ಏನಾಗುತ್ತದೆ? ಕರೆಂಟು ಬಂದ ಕ್ಷಣದಲ್ಲೇ ಎಲ್ಲ ಮೋಟಾರುಗಳೂ ಒಟ್ಟಿಗೆ ಏಳುತ್ತವೆ. ನೇರವಾಗಿ ಚಾಲೂ ಆಗುವ ಮೋಟಾರು ಮೊದಲ ಕ್ಷಣಗಳಲ್ಲಿ ತನ್ನ ಸಹಜ ಪ್ರಮಾಣದ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲವೂ ಹಾಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟಾರುಗಳು ಬೇಗ ವೇಗ ಹಿಡಿಯಲಾರದೆ ಇನ್ನಷ್ಟು ಹೊತ್ತು ಎಳೆಯುತ್ತಲೇ ಇರುತ್ತವೆ, ಕೊನೆಗೆ ಫ್ಯೂಸ್ ಹೋಗುತ್ತದೆ ಅಥವಾ ಟಿಸಿಯೇ ಸುಡುತ್ತದೆ. ಹಿಂದೆ ಒಬ್ಬರು ಬೇಗ ಎದ್ದು, ಇನ್ನೊಬ್ಬರು ನಿಧಾನವಾಗಿ ನಡೆದು, ಮತ್ತೊಬ್ಬರು ಬೆಳಗಿನವರೆಗೂ ಮಲಗಿರುತ್ತಿದ್ದರಿಂದ ಟಿಸಿಯ ಮೇಲಿನ ಹೊರೆ ತಾನಾಗಿಯೇ ಹಂಚಿಹೋಗುತ್ತಿತ್ತು. ಮನುಷ್ಯರ ನಿದ್ದೆಯೇ ಮಾಡುತ್ತಿದ್ದ ಆ ಕೆಲಸ ಯಾರ ಲೆಕ್ಕದಲ್ಲೂ ಇರಲಿಲ್ಲ.

ಇದಕ್ಕೆ ತಾಂತ್ರಿಕ ಪರಿಹಾರ ಕಷ್ಟದ್ದಲ್ಲ. ವೈಫೈ ಸಾಧನಗಳು ಒಂದೇ ಹೊತ್ತಿಗೆ ಮಾತನಾಡಲು ಹೊರಟು ಸಂಕೇತಗಳು ಡಿಕ್ಕಿಯಾಗದಿರಲೆಂದು, ಪ್ರತಿಯೊಂದೂ ತನಗೆ ತೋಚಿದಷ್ಟು ಹೊತ್ತು ಕಾದು ಆಮೇಲೆ ಕಳಿಸುತ್ತದೆ. ಸ್ಟಾರ್ಟರುಗಳಲ್ಲೂ ಹಾಗೆಯೇ, ಒಂದು ನಿಮಿಷದಿಂದ ಹತ್ತು ನಿಮಿಷದೊಳಗೆ ಯಾವುದೋ ಒಂದು ಅಂತರವನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು ಚಾಲೂ ಆಗುವ ವ್ಯವಸ್ಥೆ ಮಾಡಬಹುದು. ನಾನು ಇದನ್ನು ಉತ್ಸಾಹದಿಂದ ವಿವರಿಸಿದಾಗ ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಸರಿ ಕಣಪ್ಪ. ನಂದು ಹತ್ತು ನಿಮಿಷಕ್ಕೆ ಅಂತ ಬಂತು, ಎಂಟನೇ ನಿಮಿಷಕ್ಕೆ ಕರೆಂಟು ಹೋಯ್ತು ಅಂತಿಟ್ಕೋ. ಆಗ ನಾನು ಯಾರನ್ನ ಕೇಳ್ಬೇಕು?" ಎಂದರು. ಪಂಪ್‌ಸೆಟ್ಟುಗಳಿಗೆಂದು ನಿಗದಿಯಾಗಿರುವ ದಿನದ 7 ಗಂಟೆಯ ತ್ರೀಫೇಸ್ ಕರೆಂಟಿನಲ್ಲಿ ಒಂದು ನಿಮಿಷವನ್ನೂ ಬಿಟ್ಟುಕೊಡಲು ಮನಸ್ಸಾಗದ ರೈತರ ಪಾಲಿಗೆ ಇದು ನಿಜವಾದ ಪ್ರಶ್ನೆ. ಕಾಯಬೇಕಾದವರು ಯಾರು ಎಂಬುದನ್ನು ಯಂತ್ರ ಚೀಟಿ ಎತ್ತಿ ತೀರ್ಮಾನಿಸಿದರೆ ಅದು ನ್ಯಾಯವೇ, ಅಥವಾ ಊರಿನವರು ಕುಳಿತು ಮಾತನಾಡಿ ತೀರ್ಮಾನಿಸಬೇಕೇ ಎಂಬುದಕ್ಕೆ ಯಾವ ಪ್ರೋಗ್ರಾಮಿನಲ್ಲೂ ಉತ್ತರವಿಲ್ಲ.

ನಾನು ಬರೆಯಲು ತೊಡಗಿರುವ ಕಥೆಗೆ ಇದೇ ತಳಹದಿ. ಕಾಲ 2060, ಜಾಗ ವಾಣಿವಿಲಾಸ ಸಾಗರಕ್ಕೆ ಹತ್ತಿರದ ಒಂದು ಹಳ್ಳಿ. ಅಲ್ಲಿನ ಸ್ಟಾರ್ಟರುಗಳು ಪರಸ್ಪರ ಮಾತನಾಡಿಕೊಂಡು, ನಿನ್ನೆ ಯಾರಿಗೆ ಎಷ್ಟು ನಿಮಿಷ ನಷ್ಟವಾಯಿತೆಂದು ಬರೆದಿಟ್ಟು, ಇಂದು ಅವರಿಗೇ ಮೊದಲ ಸರದಿ ಕೊಡುತ್ತವೆ. ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿರುವಾಗ ಬೋರ್‌ವೆಲ್ ಬತ್ತಿಹೋದ ಒಬ್ಬ ಹೆಂಗಸು, ತನಗೆ ಸೇರಬೇಕಾದ ನಿಮಿಷಗಳನ್ನು ಮಾರಬಹುದೇ ಎಂದು ಕೇಳುತ್ತಾಳೆ. ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ಎರಡನೆಯ ಭಾಗದಲ್ಲಿ ಆ ಲೆಕ್ಕವನ್ನು ತೆರೆದು ತಿದ್ದುವ ಅಧಿಕಾರ ಇರುವುದು ಊರಿನ ಲೈನ್‌ಮನ್ ಒಬ್ಬರಿಗೆ ಮಾತ್ರ, ಆದ್ದರಿಂದ ಅವರ ಕೆಲಸವನ್ನು ಕಣ್ಣಾರೆ ನೋಡದೆ ಮುಂದಕ್ಕೆ ಬರೆಯಲು ನನಗೆ ಮನಸ್ಸಿಲ್ಲ. ಬರುವ ಭಾನುವಾರ ತಮ್ಮೂರಿನ ಲೈನ್‌ಮನ್ ಅವರ ಪರಿಚಯ ಮಾಡಿಸುವುದಾಗಿ ಚಿಕ್ಕಪ್ಪ ಹೇಳಿದ್ದಾರೆ. ಟಿಸಿ ಸುಟ್ಟಾಗ ಮೊದಲ ಫೋನು ಯಾರಿಂದ ಬರುತ್ತದೆ, ಯಾರು ಗದರುತ್ತಾರೆ, ಯಾರು ಬೇಡಿಕೊಳ್ಳುತ್ತಾರೆ ಎಂದು ಅವರನ್ನು ಕೇಳಬೇಕು.