ವಾನರರಾಜನ ಹಾಡಿಗೆ ಒಂದು ಶನಿವಾರ

ನಮ್ಮ ಬ್ಯಾಂಡ್ ಡಿಸ್ನಿಯ ಒಂದು ಹಾಡನ್ನು ಅಭ್ಯಾಸಕ್ಕೆ ಎತ್ತಿಕೊಂಡಿತ್ತು. ಮೊದಲ ಸಲ ಎಂಟು ಬಾರ್ (ನಾಲ್ಕು ಪೆಟ್ಟಿನ ಆವರ್ತ) ಕೂಡ ದಾಟಲಿಲ್ಲ. ಟ್ರಂಪೆಟ್ ಏರಿಗೆ ಎಳೆದರೆ ಪಿಯಾನೋ ನೀರಿಗೆ. ಯಾರೂ ತಪ್ಪು ಓದಿರಲಿಲ್ಲ. ಎಲ್ಲರ ಮುಂದೆಯೂ ಒಂದೇ ಸ್ವರಲಿಪಿಯ ಹಾಳೆ ಇತ್ತು, ಎಡವಟ್ಟೇ ಅದು. ಟ್ರಂಪೆಟ್, ಟೆನರ್ ಸ್ಯಾಕ್ಸೊಫೋನ್ ಎರಡೂ ಬಿ ಫ್ಲ್ಯಾಟ್ ವಾದ್ಯಗಳು. ಸಿ ನೋಡಿ ಊದಿದರೆ ಕೇಳುವುದು ಬಿ ಫ್ಲ್ಯಾಟ್. ಎ ಮೈನರ್‌ನ ಹಾಳೆ ಅವರ ಕೈಯಲ್ಲಿ ಜಿ ಮೈನರ್ ಆಗಿ ಹೊರಬರುತ್ತಿತ್ತು. ಊದುವವರ ಹಾಳೆ ಮುಟ್ಟದೆ ಪಿಯಾನೋ, ಗಿಟಾರ್, ಬಾಸ್‌ಗಳನ್ನೇ ಒಂದು ಟೋನ್ ಕೆಳಗಿಳಿಸಿದೆವು. ಹತ್ತು ನಿಮಿಷದ ಕೆಲಸ.

ಹಾಡು 1967ರ ‘ದಿ ಜಂಗಲ್ ಬುಕ್’ ಚಿತ್ರದ ‘ಐ ವಾನ್ನ ಬಿ ಲೈಕ್ ಯು’. ಬರೆದವರು ಶೆರ್ಮನ್ ಸಹೋದರರು, ವಾನರರಾಜನಾಗಿ ಹಾಡಿದವರು ನ್ಯೂ ಆರ್ಲಿಯನ್ಸ್‌ನ ಲೂಯಿ ಪ್ರೀಮಾ. ಬೆನ್ನಿ ಗುಡ್‌ಮನ್ ಬ್ಯಾಂಡ್ ಮನೆಮಾತಾಗಿಸಿದ ‘ಸಿಂಗ್ ಸಿಂಗ್ ಸಿಂಗ್’ ಪ್ರೀಮಾ ಅವರದೇ ರಚನೆ. ಹಾಗಾಗಿ ಇದನ್ನು ಸ್ವಿಂಗ್‌ಗೆ, ಅಂದರೆ ಜಾಝ್‌ನ ತೂಗುವ ನಡೆಗೆ, ‘ಒಗ್ಗಿಸುವ’ ಪ್ರಮೇಯವೇ ಇಲ್ಲ. ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ 1957ರಲ್ಲಿ ಡಿಸ್ನಿಯ ಹಾಡುಗಳಿಗೆಂದೇ ಒಂದು ಆಲ್ಬಮ್ ಮಾಡಿದರಲ್ಲ, ಅದರ ಜಾಣತನ ಬೇರೆ ಬಗೆಯದು. ಇಲ್ಲಿ ತವರಿಗೆ ಮರಳಿದರೆ ಸಾಕು.

ಮರಳುವುದೇ ಕಷ್ಟ. ಲಯ ತೋರಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 200 ಪೆಟ್ಟಿಗೆ ಇಟ್ಟು ಶುರು ಮಾಡಿದ್ದು ದುಡುಕು. ತಕಿಟ ಹೇಳಿಕೊಂಡು ‘ಕಿ’ಯನ್ನು ನುಂಗಿದರೆ ಸ್ವಿಂಗ್‌ನ ಜೋಡಿ ಸ್ವರ ಸಿಗುತ್ತದೆ: ಮೊದಲನೆಯದಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು. ಆದರೆ ವೇಗ ಏರಿದಂತೆ ಈ ಪಾಲು ಸಮಕ್ಕೆ ಹತ್ತಿರವಾಗಬೇಕು. ಸ್ಯಾಕ್ಸೊಫೋನ್ 200ರಲ್ಲೂ ಪಟ್ಟು ಬಿಡದೆ ತಕಿಟ ನಡೆಸಿ ಕುದುರೆಗಾಡಿಯಂತೆ ಕುಲುಕಿತು. 144ಕ್ಕೆ ಇಳಿದು, ಎಂಟೆಂಟು ಏರಿಸುತ್ತ 176ಕ್ಕೆ ನಿಂತೆವು. ಡ್ರಮ್ಸ್‌ನ ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಾಳ) ಎರಡು, ನಾಲ್ಕನೇ ಪೆಟ್ಟಿಗೆ ಮಾತ್ರ. ಸಮದ ಮೇಲೆ ತಟ್ಟಿ ಬೆಳೆದ ಕೈಗೆ ಇದು ಒಗ್ಗಲು ಹೊತ್ತು ಬೇಕು.

ಗಿಟಾರ್‌ನದು ಇನ್ನೊಂದು ಗೋಳು. ಆರೂ ತಂತಿ ಮೀಟಿದರೆ ಬಾಸ್ ಮುಳುಗುತ್ತದೆ. ಕೌಂಟ್ ಬೇಸಿ ಬ್ಯಾಂಡಿನ ಫ್ರೆಡ್ಡಿ ಗ್ರೀನ್ ನುಡಿಸುತ್ತಿದ್ದಂತೆ ಬಾರಿಗೆ ನಾಲ್ಕು ಪೆಟ್ಟು. ಎರಡು ಮೂರು ಸ್ವರ ಸಾಕು. ಮೀಟಿದ ಕೂಡಲೇ ಎಡಗೈ ಬೆರಳು ಸಡಿಲಿಸಬೇಕು, ತಂತಿಯಿಂದ ಎತ್ತಬಾರದು. ಎತ್ತಿದರೆ ಖಾಲಿ ತಂತಿ ಕೂಗುತ್ತದೆ. ಸಡಿಲಿಸಿದರೆ ‘ಚಕ್’ ಎಂದು ಕತ್ತರಿಸಿದ ಹಾಗೆ ನಿಲ್ಲುತ್ತದೆ.

ಚರಣ ಜಿ ಮೈನರ್ ಮತ್ತು ಡಿ ಸೆವೆನ್ ಎಂಬ ಎರಡು ಕಾರ್ಡ್‌ಗಳಲ್ಲೇ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ತೂಗುತ್ತದೆ, ಅಲ್ಲಿ ಬಾಸ್‌ಗೆ ಬಾರಿಗೆ ಎರಡೇ ಸ್ವರ. ಪಲ್ಲವಿ ಬಿ ಫ್ಲ್ಯಾಟ್, ಜಿ ಸೆವೆನ್, ಸಿ ಸೆವೆನ್, ಎಫ್ ಸೆವೆನ್ ಎಂದು ಉರುಳುವಾಗ ನಾಲ್ಕು. ನಡುವಿನ ಕೀಲು ಎಫ್ ಸೆವೆನ್. ಅದನ್ನು ಒಮ್ಮೆ ಹೊಡೆದು ಬಾರ್ ಮುಗಿಯುವವರೆಗೂ ಎಲ್ಲರೂ ಸುಮ್ಮನಿರಬೇಕು. ಮೂರು ಸಲ ಡ್ರಮ್ಸ್ ಆ ಮೌನವನ್ನು ತುಂಬಿಬಿಟ್ಟಿತು. ಕೋಲು ಕೆಳಗಿಡಿಸಿದ ಮೇಲಷ್ಟೇ ಪಲ್ಲವಿಗೆ ಎಗರು ಬಂತು.

ಸ್ಕ್ಯಾಟ್‌ನ, ಅಂದರೆ ಅರ್ಥವಿಲ್ಲದ ಅಕ್ಷರಗಳ ಹಾಡಿಕೆಯ, ಸವಾಲ್-ಜವಾಬಿಗೆ ಚಿತ್ರದ್ದೇ ಪಾಠ. ಪ್ರೀಮಾ ಮೊದಲೇ ಹಾಡಿ, ನಡುವೆ ಜಾಗ ಬಿಟ್ಟಿದ್ದರು. ಕರಡಿ ಬಾಲೂಗೆ ದನಿಯಾದ ಫಿಲ್ ಹ್ಯಾರಿಸ್ ಅದನ್ನೇ ಮರುನುಡಿಯಬೇಕಿತ್ತು, ಅವರು ತಮ್ಮದೇ ಹಾಡಿದರು. ನಾವೂ ಟ್ರಂಪೆಟ್‌ಗೆ ಎರಡು ಬಾರ್, ಸ್ಯಾಕ್ಸೊಫೋನ್‌ಗೆ ಎರಡು ಬಾರ್ ಕೊಟ್ಟು ನಕಲನ್ನು ನಿಷೇಧಿಸಿದೆವು. ಕೋತಿ ಕೂಗನ್ನೂ.

ಕೊನೆಯ ಕಾರ್ಡ್‌ಗೆ ಪಿಯಾನೋ ಮೇಜರ್ ಸೆವೆನ್ ಹಾಕಿತು. ಚೆಂದವಿತ್ತು, ಆದರೆ ಮೇಲಿನ ಬಿ ಫ್ಲ್ಯಾಟ್ ಹಿಡಿದಿದ್ದ ಟ್ರಂಪೆಟ್‌ಗೆ ಆ ‘ಎ’ ಅರ್ಧ ಟೋನ್ ಕೆಳಗಿನಿಂದ ಉಜ್ಜುತ್ತಿತ್ತು. ‘ಎ’ ತೆಗೆದು ‘ಜಿ’ ಹಾಕಿದೆವು, ಬಿ ಫ್ಲ್ಯಾಟ್ ಸಿಕ್ಸ್ ಆಯಿತು.